ಕಿಟಕಿ ಬದಲಿಸುವವನ ಶಿಸ್ತು

ಸಾಲೋಟಗಿಯ ಶಾಸನವನ್ನು ಓದಿದವರು ಸಾಮಾನ್ಯವಾಗಿ ನೆನಪಿನಲ್ಲಿ ಇರಿಸಿಕೊಳ್ಳುವುದು ಅಲ್ಲಿದ್ದ ವಿದ್ಯಾಶಾಲೆಯ ವೈಭವವನ್ನು: ರಾಷ್ಟ್ರಕೂಟರ ಮೂರನೆಯ ಕೃಷ್ಣನ ಆಳಿಕೆಯಲ್ಲಿ, ಕ್ರಿ.ಶ. 945ರಲ್ಲಿ, ಅವನ ಮಂತ್ರಿ ನಾರಾಯಣನು ಕಟ್ಟಿಸಿದ ಶಾಲೆ, ನಾನಾ ದೇಶಗಳಿಂದ ಬಂದ ವಿದ್ಯಾರ್ಥಿಗಳು, ಅವರ ವಾಸಕ್ಕೆಂದು 27 ಮನೆಗಳು. ನನಗಾದರೋ ಅದರಲ್ಲಿ ಹೆಚ್ಚು ಮೆಚ್ಚಿಕೆಯಾದುದು ದೀಪಗಳ ವೆಚ್ಚಕ್ಕೆಂದೇ 12 ನಿವರ್ತನ ಭೂಮಿಯನ್ನು ಪ್ರತ್ಯೇಕವಾಗಿ ಬಿಟ್ಟುಕೊಟ್ಟ ಸಂಗತಿ. ಕಟ್ಟಡವನ್ನೆಬ್ಬಿಸುವ ಉತ್ಸಾಹದಲ್ಲಿ ಅದರೊಳಗಿನ ನಿತ್ಯದ ಬೆಳಕನ್ನು ಮರೆಯದ ಆ ಮುಂದಾಲೋಚನೆ, ಸ್ವಂತ ಮನೆಗೆ ಬೆಳಕು ತರಲು ಹೊರಟ ಗೃಹಸ್ಥನಿಗೂ ಬೇಕಾದುದೇ.

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಗಳ ಹಳೆಯ ಮಾಳಿಗೆಮನೆಗಳಿಗೆ ಗೋಡೆ ದಪ್ಪ, ಕಿಟಕಿ ಸಣ್ಣದು. ಬೇಸಗೆಯ ಝಳವನ್ನೂ ಧೂಳನ್ನೂ ಹೊರಗಿಡಲು ಹಿರಿಯರು ಮಾಡಿದ ಈ ಏರ್ಪಾಡಿನಲ್ಲಿ ವಿವೇಕವುಂಟು. ಮಾಳಿಗೆಯ ಬೆಳಕಿಂಡಿಯಿಂದ ಇಳಿದು ಬರುವಷ್ಟೇ ಅವರಿಗೆ ಸಾಕಾಗಿತ್ತು. ಆದರೆ ಚೌಕಟ್ಟಿನ ಬುಡಕ್ಕೆ ಗೆದ್ದಲು ಹತ್ತಿ, ಕದಗಳು ಜೋತು, ಮಳೆಯ ನೀರು ಒಳಕ್ಕಿಳಿಯುವ ಕಾಲಕ್ಕೆ ಕಿಟಕಿಯನ್ನು ಬದಲಿಸದೆ ವಿಧಿಯಿಲ್ಲ. ಆ ಕಾರ್ಯವನ್ನು ಗೃಹಸ್ಥನು ತಾನೇ ಕೈಗೊಳ್ಳಬಹುದೆಂಬುದೂ, ಕೈಗೊಂಡರೆ ಅವನ ನಡೆವಳಿಕೆಯ ಒಂದು ದೋಷ ತಿದ್ದುವುದೆಂಬುದೂ ನನ್ನ ಅಭಿಪ್ರಾಯ. ಕಾಯಕವೆಂಬ ಮಾತನ್ನು ನಾವು ಸಭೆಗಳಲ್ಲಿ ಸಾಕಷ್ಟು ಸವೆಸಿದ್ದೇವೆ. ಸುತ್ತಿಗೆಯ ಹಿಡಿಯನ್ನೂ ಕೊಂಚ ಸವೆಸಿದರೆ ನಷ್ಟವೇನು?

ಆ ದೋಷವೆಂದರೆ ಅಳೆಯುವುದಕ್ಕೆ ಮುಂಚೆ ಒಡೆಯುವುದು. ಅಸಮಾಧಾನ ಉಕ್ಕಿದ ದಿನ ಹಳೆಯದನ್ನು ಕಿತ್ತೆಸೆಯುವುದರಲ್ಲಿ ನಮಗೊಂದು ಶೌರ್ಯದ ಭ್ರಾಂತಿ. ಬೆಳಗಿನ ಜಡನಿದ್ರೆಯನ್ನೋ ಸಂಜೆಯ ಕಾಡುಹರಟೆಯನ್ನೋ ಹಾಗೆ ಕಿತ್ತೆಸೆದವರನ್ನು ನಾವು ಕಂಡಿದ್ದೇವೆ. ತೆರವಾದ ಆ ಹೊತ್ತಿನಲ್ಲಿ ಏನು ಮಾಡತಕ್ಕದ್ದೆಂದು ಮೊದಲೇ ಗೊತ್ತುಮಾಡಿಕೊಳ್ಳದೆ ಇದ್ದುದರಿಂದ, ಎಂಟು ದಿನಗಳೊಳಗೆ ಹಳೆಯದೇ ತಿರುಗಿ ಬಂದು ಕೂಡುತ್ತದೆ. ಆ ಪ್ರಮಾದ ಯಾರ ಕಣ್ಣಿಗೂ ಬೀಳದೆ ಹೋದೀತು. ಕಿಟಕಿಯ ವಿಷಯದಲ್ಲಿ ಮಾತ್ರ ಅದು ಅಂದಿನ ಸಂಜೆಗೇ ಬಯಲಾಗುತ್ತದೆ: ಕತ್ತಲಾಗುತ್ತ ಬಂದಿರುತ್ತದೆ, ಗೋಡೆಯಲ್ಲಿ ಮನುಷ್ಯನು ನುಸುಳುವಷ್ಟು ದೊಡ್ಡ ರಂಧ್ರವಿರುತ್ತದೆ, ಬಡಿಗನ ಅಂಗಡಿಯಲ್ಲಿ ಹೊಸ ಚೌಕಟ್ಟಿಗಿನ್ನೂ ಮೊಳೆ ಬಿದ್ದಿರುವುದಿಲ್ಲ.

ಆದುದರಿಂದ ಮೊದಲು ಅಳತೆ. ಮಣ್ಣುಗೋಡೆಯ ಕಂಡಿ ಎಂದೂ ನೇರವಾಗಿರುವುದಿಲ್ಲವಾದ್ದರಿಂದ ಅಗಲವನ್ನು ಮೇಲೆ, ನಡುವೆ, ಕೆಳಗೆ ಮೂರು ಕಡೆಯಲ್ಲಿ ಅಳೆದು ಎಲ್ಲಕ್ಕಿಂತ ಕಡಮೆ ಬಂದುದನ್ನೇ ಗಣನೆಗೆ ಹಿಡಿಯಬೇಕು. ಎತ್ತರಕ್ಕೂ ಇದೇ ಕ್ರಮ. ಸುತ್ತಲೂ ಸುಮಾರು 10 ಮಿಲಿಮೀಟರ್ ಸಂದು ಬಿಟ್ಟು ಚೌಕಟ್ಟು ಮಾಡಿಸಿ, ಅದು ಮನೆಗೆ ಬಂದ ಕೂಡಲೇ ಎರಡು ಕರ್ಣಗಳಿಗೂ ದಾರ ಹಿಡಿದು ನೋಡಬೇಕು. ಕರ್ಣಗಳು ಸಮವಾಗಿದ್ದರೆ ಮೂಲೆಗಳು ನೆಟ್ಟಗಿವೆ. ಇಲ್ಲವಾದರೆ ಬಡಿಗನಿಗೆ ಹಿಂದಿರುಗಿಸುವುದೇ ಮೇಲು. ಹೊಸತು ಪಡಸಾಲೆಯಲ್ಲಿ ಸಿದ್ಧವಾಗಿ ನಿಂತಮೇಲೆಯೇ ಹಳೆಯದಕ್ಕೆ ಕೈಹಾಕುವುದು, ಅದೂ ಬೆಳಗಿನ ಹೊತ್ತಿನಲ್ಲಿ, ಒಂದು ದಿನಕ್ಕೊಂದೇ.

ಹಳೆಯ ಚೌಕಟ್ಟನ್ನು ಮೀಟಿ ಎಬ್ಬಿಸಹೊರಟರೆ ಅಂಚಿನ ಮಣ್ಣು ಹೆಂಟೆಹೆಂಟೆಯಾಗಿ ಕಳಚಿ ಬೀಳುತ್ತದೆ. ಕದಗಳನ್ನು ಬಿಚ್ಚಿ, ಒಂದು ಪಕ್ಕದ ಮರವನ್ನು ನಡುಮಧ್ಯದಲ್ಲಿ ಗರಗಸದಿಂದ ಕೊಯ್ದು ಒಳಮುಖವಾಗಿ ಎಳೆದರೆ ಗೋಡೆಗೆ ಪೆಟ್ಟಾಗದು. ಹೊಸದನ್ನು ರಸಮಟ್ಟ, ತೂಗುಗುಂಡುಗಳಿಂದ ಪರೀಕ್ಷಿಸಿ ಬೆಣೆ ಕೊಟ್ಟು ನಿಲ್ಲಿಸಬೇಕು. ಬರಿಯ ಸಿಮೆಂಟು ಬೇಡ. ಅದು ಕಲ್ಲಾಗಿ ನಿಂತಾಗ ಮಣ್ಣುಗೋಡೆ ಅದರೊಡನೆ ಹೊಂದದೆ ಬಿರಿಯುತ್ತದೆ. ಗೋಡೆಯ ಜಾತಿಗೆ ಒಪ್ಪುವ ಸುಣ್ಣದ ಗಾರೆಯೋ ಹುಲ್ಲು ಕೂಡಿಸಿ ತುಳಿದ ಮಣ್ಣೋ ಲೇಸು. ಕೆಳಗಟ್ಟೆಯನ್ನು ನೀರು ಹೊರಗೆ ಹರಿಯುವಂತೆ ಇಳಿಜಾರು ಮಾಡುವುದನ್ನಂತೂ ಮರೆಯಲಾಗದು.

ತಾನೇ ಮಾಡುವೆನೆಂಬ ಹಠಕ್ಕೂ ಒಂದು ಎಲ್ಲೆಯುಂಟು. ಈ ಸೀಮೆಯ ಗೌಂಡಿಯನ್ನು ಕೇಳಿದರೆ ಅವನು ಹೇಳುವುದು: "ಮಾಳಿಗಿ ಹೊತ್ತಿದ್ದು ಕಿಡಕಿ ಅಲ್ರಿ, ಅದರ ಮ್ಯಾಲಿನ ಕಲ್ಲು." ಆ ಹಾಸುಗಲ್ಲು ಬಿರಿದಿದ್ದರೆ, ಅಥವಾ ತೊಲೆ ಲಡ್ಡಾಗಿದ್ದರೆ, ಅದರ ಮೇಲಣ ಮಣ್ಣಿನ ಭಾರವನ್ನು ನೆನೆದು ಸುತ್ತಿಗೆಯನ್ನು ಕೆಳಗಿಟ್ಟು ಅವನನ್ನೇ ಕರೆಸತಕ್ಕದ್ದು. ಬಿಜಾಪುರದ ಇಬ್ರಾಹಿಂ ರೋಜಾದಲ್ಲಿ ಅಕ್ಷರಗಳನ್ನೇ ಜಾಲಂಧ್ರವಾಗಿ ಕೊರೆದು ಅವುಗಳ ನಡುವಿನಿಂದ ಬೆಳಕು ಬರಿಸಿದ ಶಿಲ್ಪಿಗಳ ಕೈಚಳಕ ನಮಗಿಲ್ಲವೆಂದು ಒಪ್ಪಿಕೊಳ್ಳುವುದರಲ್ಲಿ ಅವಮಾನವೇನೂ ಇಲ್ಲವಷ್ಟೆ!

ಇನ್ನೊಂದು ಮಾತು ಮಳೆಗಾಲದ್ದು. ಹೊಸ ಮರ ತೇವವನ್ನು ಹೀರಿ ಉಬ್ಬಿ ಕದವು ಬಿಗಿಯಾದಾಗ, ಕೂಡಲೇ ಹತ್ತರಿ ಹಿಡಿದು ಅಂಚನ್ನು ಹೆರೆಯುವ ಆತುರ ಬಹುಮಂದಿಗೆ. ಹಾಗೆ ಹೆರೆದರೆ ಬೇಸಗೆಯಲ್ಲಿ ಮರ ಒಣಗಿ ಕುಗ್ಗಿ, ಆ ಸಂದಿನಿಂದಲೇ ಧೂಳು ಒಳಬರುವುದು. ದೀಪಾವಳಿ ಕಳೆದು ಮರ ಒಣಗುವ ತನಕ ಕಾಯಿರಿ; ಆಗಲೂ ಉಜ್ಜುತ್ತಿದ್ದರೆ, ಉಜ್ಜುವ ಜಾಗಕ್ಕೆ ಸೀಮೆಸುಣ್ಣದ ಗುರುತು ಹಾಕಿ ಅಷ್ಟನ್ನೇ ಹೆರೆಯಿರಿ.