ಮತದ ವಿಸ್ತಾರದಿಂದ ಲೋಕಹಿತವೇ?

ಕ್ರೈಸ್ತಮತವು ಭೂಮಂಡಲದಲ್ಲೆಲ್ಲ ಹರಡಿ, ಸಕಲ ಜನರೂ ಯೇಸುಕ್ರಿಸ್ತನಲ್ಲಿ ವಿಶ್ವಾಸವಿಟ್ಟರೆ ಈ ಲೋಕವು ಈಗಿರುವುದಕ್ಕಿಂತ ಉತ್ತಮವಾದೀತೇ? ಈ ಪ್ರಶ್ನೆಯು ಆ ಮತದ ಒಳಗೂ ಹೊರಗೂ ಬಹುಕಾಲದಿಂದ ಕೇಳಿಬರುತ್ತಿದೆ. ಉಪದೇಶಕರು ಹೌದೆನ್ನುತ್ತಾರೆ, ವಿರೋಧಿಗಳು ಇಲ್ಲವೆನ್ನುತ್ತಾರೆ. ಎರಡು ಪಕ್ಷದವರಿಗೂ ಉದಾಹರಣೆಗಳ ಕೊರತೆಯಿಲ್ಲ. ಒಂದು ಪಕ್ಷವನ್ನೇ ಏಕಾಂತವಾಗಿ ಹಿಡಿಯದೆ, ಯಾವ ಅಪೇಕ್ಷೆಯಿಂದ ಹೌದು, ಯಾವ ಅಪೇಕ್ಷೆಯಿಂದ ಅಲ್ಲ ಎಂದು ಪರಾಮರ್ಶಿಸುವುದು ಅನೇಕಾಂತವನ್ನು ಒಪ್ಪಿದವರಿಗೆ ಉಚಿತವಾದ ಕ್ರಮ. ಪ್ರಶ್ನೆಯು ಪರಮತವನ್ನು ಕುರಿತದ್ದಾದರೂ ಅದರ ಉತ್ತರವು ನಮ್ಮನ್ನೂ ಮುಟ್ಟದೆ ಬಿಡುವುದಿಲ್ಲ.

ಮೊದಲು ಹೌದೆನ್ನುವವರ ಮಾತನ್ನು ಆದರದಿಂದ ಕೇಳೋಣ. ಶತ್ರುವನ್ನೂ ಪ್ರೀತಿಸಬೇಕು, ಕೇಡಿಗೆ ಪ್ರತಿಯಾಗಿ ಕೇಡನ್ನು ಮಾಡಬಾರದು, ಇಹದಲ್ಲಿ ಸಂಪತ್ತನ್ನು ಕೂಡಿಡಬಾರದು ಎಂಬುದು ಯೇಸುವಿನ ಗಿರಿಪ್ರವಚನದ ಸಾರ. ಉಪವಾಸವನ್ನು ಜನರಿಗೆ ತೋರಿಸಿಕೊಳ್ಳದೆ ಮಾಡಬೇಕೆಂಬ ವಿಧಿಯೂ ಅದರಲ್ಲಿಯೇ ಇದೆ. ಈ ಬೋಧೆಯನ್ನು ನಂಬಿದವರು ಮಾಡಿದ ಸೇವೆಯನ್ನು ನಾವು ಕಣ್ಣಾರೆ ಕಂಡಿದ್ದೇವೆ. ೧೯೦೦ರಲ್ಲಿ ಐಡಾ ಸ್ಕಡರ್ ಎಂಬ ವೈದ್ಯೆ ವೆಲ್ಲೂರಿನಲ್ಲಿ ಒಂದೇ ಹಾಸಿಗೆಯಿಂದ ಆರಂಭಿಸಿದ ಚಿಕಿತ್ಸಾಲಯವು ಇಂದು ದೇಶದ ದೊಡ್ಡ ಆಸ್ಪತ್ರೆಗಳಲ್ಲಿ ಒಂದು. ಜೈನ ವೈಯಾಕರಣ ಕೇಶಿರಾಜನ ಶಬ್ದಮಣಿದರ್ಪಣವನ್ನು ೧೮೭೨ರಲ್ಲಿ ಮಂಗಳೂರಿನಲ್ಲಿ ಸಂಪಾದಿಸಿ ಮುದ್ರಿಸಿದವರು ಬಾಸೆಲ್ ಮಿಷನ್ನಿನ ಪಾದ್ರಿ ಫರ್ಡಿನಾಂಡ್ ಕಿಟ್ಟೆಲ್. ೧೮೯೪ರಲ್ಲಿ ಬೆಳಕು ಕಂಡ ಅವರ ನಿಘಂಟಿನ ಋಣ ಕನ್ನಡಿಗರೆಲ್ಲರ ಮೇಲಿದೆ. ಇಂಥ ವಿಶ್ವಾಸಿಗಳು ಹೆಚ್ಚಿದರೆ ಲೋಕಕ್ಕೆ ಹಿತವೆಂಬ ಮಾತನ್ನು ಸುಲಭವಾಗಿ ತಳ್ಳಿಹಾಕಲಾಗದು.

ಆದರೆ ವಿಶ್ವಾಸವು ಈಗಾಗಲೇ ಒಂದು ದೇಶದಲ್ಲೆಲ್ಲ ವ್ಯಾಪಿಸಿದ್ದರೆ ಅಲ್ಲಿ ಏನಾಯಿತೆಂಬುದನ್ನೂ ನೋಡಬೇಕು. ಆಫ್ರಿಕಾದ ರುವಾಂಡಾ ಅಂಥ ದೇಶ. ೧೯೯೧ರ ಜನಗಣತಿಯ ವೇಳೆಗೆ ಅಲ್ಲಿ ಹತ್ತು ಜನರಲ್ಲಿ ಸುಮಾರು ಒಂಬತ್ತು ಜನ ಕ್ರೈಸ್ತರು. ಅವರಲ್ಲಿ ಹೆಚ್ಚಿನವರು ಕ್ಯಾಥೊಲಿಕರು. ಕೊಂದ ಹುಟು ಜನರೂ ಹತರಾದ ಟುಟ್ಸಿ ಜನರೂ ಒಂದೇ ಭಾಷೆಯವರು, ಒಂದೇ ದೇವಾಲಯದಲ್ಲಿ ಪ್ರಾರ್ಥಿಸಿದವರು. ೧೯೯೪ರ ಏಪ್ರಿಲಿನಿಂದ ಜುಲೈವರೆಗಿನ ಸುಮಾರು ನೂರು ದಿನಗಳಲ್ಲಿ ಅಲ್ಲಿ ಹತರಾದವರ ಸಂಖ್ಯೆ ೮ ಲಕ್ಷವೆಂದು ಸಾಮಾನ್ಯವಾಗಿ ಹೇಳುತ್ತಾರೆ, ಅದಕ್ಕೂ ಹೆಚ್ಚೆನ್ನುವವರಿದ್ದಾರೆ. ಅಭಯವನ್ನು ಬಯಸಿ ಚರ್ಚುಗಳನ್ನು ಹೊಕ್ಕ ಸಹಸ್ರಾರು ಜನ ನ್ಯಾಮಾಟಾ, ನ್ತರಾಮಾ ಮೊದಲಾದ ಊರುಗಳಲ್ಲಿ ಆ ಚರ್ಚುಗಳ ಒಳಗೇ ವಧೆಗೀಡಾದರು. ನ್ಯಾಂಗೆ ಎಂಬಲ್ಲಿ ಚರ್ಚಿನ ಕಟ್ಟಡವನ್ನೇ ಒಳಗಿದ್ದವರ ಮೇಲೆ ಯಂತ್ರದಿಂದ ಕೆಡವಲಾಯಿತು. ಆ ಕೃತ್ಯದಲ್ಲಿ ಭಾಗಿಯಾದ ಅಲ್ಲಿನ ಪಾದ್ರಿಗೆ ಅಂತರರಾಷ್ಟ್ರೀಯ ನ್ಯಾಯಮಂಡಳಿಯು ೨೦೦೮ರಲ್ಲಿ ಮೇಲ್ಮನವಿಯ ತೀರ್ಪಿನಲ್ಲಿ ಜೀವಾವಧಿ ಶಿಕ್ಷೆಯನ್ನು ವಿಧಿಸಿತು. ಚರ್ಚಿನ ಮತ್ತು ಅದರವರ ಪಾಪಗಳಿಗಾಗಿ ಪೋಪ್ ಫ್ರಾನ್ಸಿಸರು ೨೦೧೭ರಲ್ಲಿ ದೇವರ ಕ್ಷಮೆಯನ್ನು ಯಾಚಿಸಿದರು.

ಅದೇ ದೇಶದಲ್ಲಿ, ಅದೇ ದಿನಗಳಲ್ಲಿ, ಅದೇ ಮತದ ಇನ್ನೊಬ್ಬರು ನಡೆದ ರೀತಿಯನ್ನು ಕೇಳಿ. ಫೆಲಿಸಿಟಾಸ್ ನಿಯಿಟೆಗೆಕಾ ಹುಟು ಕುಲದವರು. ಬ್ರಹ್ಮಚರ್ಯವನ್ನು ಕೈಗೊಂಡು ಸೇವೆಗೆ ಮುಡಿಪಾದ ಕ್ಯಾಥೊಲಿಕ್ ಮಹಿಳೆಯರ ಸಂಘವೊಂದಕ್ಕೆ ಸೇರಿ, ಗಿಸೆನ್ಯಿ ಪಟ್ಟಣದ ಮತಕೇಂದ್ರವೊಂದರಲ್ಲಿದ್ದರು. ಪ್ರಾಣಭಯದಿಂದ ಬಂದ ಟುಟ್ಸಿಗಳಿಗೆ ಆಶ್ರಯವಿತ್ತು, ಹಲವರನ್ನು ಗಡಿ ದಾಟಿಸಿದರು. ಸೈನ್ಯಾಧಿಕಾರಿಯಾಗಿದ್ದ ಅವರ ಸಹೋದರನು ಆ ಸ್ಥಳವನ್ನು ಬಿಟ್ಟು ತಾನು ಉಳಿದುಕೊಳ್ಳೆಂದು ಬೇಡಿಕೊಂಡನು. ಆಶ್ರಿತರನ್ನು ಬಿಟ್ಟು ಬದುಕಲು ತನಗೆ ಇಷ್ಟವಿಲ್ಲವೆಂದು ಆಕೆ ಉತ್ತರ ಬರೆದರು. ೧೯೯೪ರ ಏಪ್ರಿಲ್ ೨೧ರಂದು ಕೊಲೆಗಾರರು ಆಶ್ರಿತರನ್ನೂ ಆಕೆಯನ್ನೂ ಕೊಂದರು. ಆ ದೇಶವು ಆಕೆಯನ್ನು ಇಂದು ರಾಷ್ಟ್ರವೀರರಲ್ಲಿ ಎಣಿಸಿ ಗೌರವಿಸುತ್ತಿದೆ.

ಇಲ್ಲಿ ವಿಚಾರಣೀಯವಾದುದು ಇಷ್ಟು. ಕೊಂದವನೂ ಕ್ರಿಸ್ತನನ್ನು ನಂಬಿದವನು, ಕಾಯ್ದವಳೂ ನಂಬಿದವಳು. ಇಬ್ಬರಿಗೂ ಸಮಾನವಾದ ಗುಣವು ಇಬ್ಬರ ನಡತೆಯ ಭೇದಕ್ಕೆ ಕಾರಣವಾಗಲಾರದು. ಇದಕ್ಕೆ, ಕೊಂದವರು ನಿಜವಾದ ಕ್ರೈಸ್ತರೇ ಅಲ್ಲ ಎಂಬ ಸಮಾಧಾನವನ್ನು ಹೇಳುವುದುಂಟು. ಈ ಮಾತು ಸುಳ್ಳಲ್ಲ. ಆದರೆ ನಿಜವಾದ ಕ್ರೈಸ್ತನು ಕೊಲ್ಲುವುದಿಲ್ಲ ಎಂದೊಡನೆ ಲಕ್ಷಣವು ವಿಶ್ವಾಸವನ್ನು ಬಿಟ್ಟು ಚಾರಿತ್ರಕ್ಕೆ ಬಂದುಬಿಟ್ಟಿತು. ಆಗ ಲೋಕವನ್ನು ಉತ್ತಮಗೊಳಿಸುವುದು ಹೆಚ್ಚು ಜನ ನಂಬುವುದರಿಂದಲ್ಲ, ಹೆಚ್ಚು ಜನ ಕೊಲ್ಲದಿರುವುದರಿಂದ ಎಂದು ಅವರೇ ಒಪ್ಪಿದಂತಾಯಿತು.

ಮತವು ವಿಸ್ತಾರವಾದಾಗ ಈ ಲಕ್ಷಣವು ಏಕೆ ಸಡಿಲವಾಗುತ್ತದೆ ಎಂಬುದಕ್ಕೆ ಕ್ರೈಸ್ತಸಂಘದ ಚರಿತ್ರೆಯೇ ಸಾಕ್ಷಿ. ಮೊದಲ ಶತಮಾನಗಳಲ್ಲಿ ಆ ಸಂಘವನ್ನು ಸೇರುವುದು ಸುಲಭವಾಗಿರಲಿಲ್ಲ. ದೀಕ್ಷಾಸ್ನಾನಕ್ಕೆ ಮುಂಚೆ ಮೂರು ವರ್ಷಗಳವರೆಗೂ ಶಿಕ್ಷಣ, ನಡತೆಯ ಪರೀಕ್ಷೆ, ಉಪವಾಸಗಳು ವಿಹಿತವಾಗಿದ್ದವೆಂದು ಅವರ ಪ್ರಾಚೀನ ವಿಧಿಗ್ರಂಥಗಳಿಂದ ತಿಳಿಯುತ್ತದೆ. ಅಖಾಡದಲ್ಲಿ ಮನುಷ್ಯರೊಡನೆ ಕಾದಾಡಿ ಜೀವಿಸುವವನು ಆ ವೃತ್ತಿಯನ್ನು ಬಿಡಬೇಕು, ಇಲ್ಲವೇ ಹಿಂದಿರುಗಬೇಕು. ನಮ್ಮ ಶ್ರಾವಕಾಚಾರಗಳು ಹಿಂಸಾಜೀವಿಕೆಯನ್ನು ನಿಷೇಧಿಸಿರುವುದನ್ನು ಬಲ್ಲವರಿಗೆ ಇದು ಅಪರಿಚಿತವಲ್ಲ. ೩೧೩ರಲ್ಲಿ ಚಕ್ರವರ್ತಿ ಕಾನ್‌ಸ್ಟಂಟೈನನ ಕಾಲದಲ್ಲಿ ಮತಕ್ಕೆ ಮಾನ್ಯತೆ ದೊರೆಯಿತು. ೩೮೦ರಲ್ಲಿ ಅದು ರೋಮನ್ ಸಾಮ್ರಾಜ್ಯದ ರಾಜಮತವಾಯಿತು. ಸಂಘಕ್ಕೆ ಸೇರುವುದರಿಂದ ಪ್ರಾಣಾಪಾಯ ತಪ್ಪಿ ಲಾಭವೇ ಉಂಟಾಗತೊಡಗಿತು. ಜನ ಗುಂಪುಗುಂಪಾಗಿ ಬಂದರು, ಪರೀಕ್ಷೆ ಹಗುರವಾಯಿತು. ಅದೇ ಶತಮಾನದಲ್ಲಿ ಕಠಿಣವಾದ ನಡೆಯನ್ನು ಬಯಸಿದ ಅನೇಕರು ಊರುಗಳನ್ನು ತೊರೆದು ಈಜಿಪ್ಟಿನ ಮರುಭೂಮಿಯಲ್ಲಿ ತಪಸ್ಸಿಗೆ ಕುಳಿತರು. ಸಂಖ್ಯೆ ಬೆಳೆದಂತೆ ವ್ರತವು ಎಲ್ಲರಿಂದ ಕೆಲವರಿಗೆ ಸರಿಯಿತು.

ಹಾಗೆ ಸರಿದ ವ್ರತವು ಗೃಹಸ್ಥರ ಬಳಿಗೆ ಮರಳಿ ಬಂದಾಗ ಏನಾಗುತ್ತದೆಂಬುದಕ್ಕೆ ಒಂದು ನಿದರ್ಶನವುಂಟು. ಹದಿನೆಂಟನೆಯ ಶತಮಾನದಲ್ಲಿ ಆಫ್ರಿಕಾದವರನ್ನು ಗುಲಾಮರನ್ನಾಗಿ ಕೊಂಡು ಮಾರುತ್ತಿದ್ದವರು ಕ್ರೈಸ್ತರೇ. ತಮ್ಮ ಧರ್ಮಗ್ರಂಥದಿಂದಲೇ ಅದನ್ನು ಸಮರ್ಥಿಸುತ್ತಿದ್ದರು. ಅಮೆರಿಕದ ನ್ಯೂಜೆರ್ಸಿಯಲ್ಲಿ ಜಾನ್ ವೂಲ್ಮನ್ (೧೭೨೦–೧೭೭೨) ಎಂಬ ದರ್ಜಿಯಿದ್ದನು, ಕ್ವೇಕರ್ ಪಂಥದವನು. ಕಾಲ್ನಡಿಗೆಯಲ್ಲಿ ಹೋಗಿ ಗುಲಾಮರನ್ನಿಟ್ಟುಕೊಂಡವರ ಮನೆಗಳಲ್ಲಿ ವಿನಯದಿಂದ ಮಾತನಾಡುವನು. ಅಲ್ಲಿ ಗುಲಾಮರಿಂದ ಪಡೆದ ಸೇವೆಗೆ ಹಣ ಕೊಡುವನು. ಗುಲಾಮರ ದುಡಿಮೆಯಿಂದ ಬಂದ ಸಕ್ಕರೆಯನ್ನು ಬಿಟ್ಟನು, ಬಣ್ಣ ಹಾಕಿದ ಬಟ್ಟೆಯನ್ನು ಬಿಟ್ಟನು. ಅವನ ಪಂಥದ ಫಿಲಡೆಲ್ಫಿಯಾ ಮಹಾಸಭೆಯು ೧೭೫೮ರಲ್ಲಿ ಗುಲಾಮರ ಕ್ರಯವಿಕ್ರಯ ಮಾಡುವವರನ್ನು ಸಭಾಕಾರ್ಯಗಳಿಂದ ದೂರವಿಟ್ಟಿತು. ೧೭೭೬ರಲ್ಲಿ ಗುಲಾಮರನ್ನು ಇಟ್ಟುಕೊಳ್ಳುವವರಿಗೆ ಪಂಥದಲ್ಲಿ ಸ್ಥಾನವಿಲ್ಲವೆಂದು ನಿರ್ಣಯಿಸಿತು. ಇಂಗ್ಲೆಂಡಿನಲ್ಲಿ ೧೭೯೧ರಲ್ಲಿ ಗುಲಾಮ ವ್ಯಾಪಾರವನ್ನು ನಿಲ್ಲಿಸುವ ಮಸೂದೆಯು ಸಂಸತ್ತಿನಲ್ಲಿ ಸೋತಾಗ, ಸುಮಾರು ೩ ಲಕ್ಷ ಜನ ಗುಲಾಮರು ಬೆಳೆದ ಸಕ್ಕರೆಯನ್ನು ತ್ಯಜಿಸಿದರೆಂದು ಅಂದಿನವರು ಅಂದಾಜು ಮಾಡಿದರು. ಬಾಹ್ಯತಪಸ್ಸುಗಳಲ್ಲಿ ಒಂದಾದ ರಸಪರಿತ್ಯಾಗವನ್ನು ಆ ಗೃಹಿಣಿಯರು ಹೆಸರು ತಿಳಿಯದೆಯೇ ಆಚರಿಸಿದರು. ಆ ವ್ಯಾಪಾರವು ೧೮೦೭ರಲ್ಲಿ ನಿಷಿದ್ಧವಾಯಿತು. ಸಾಮ್ರಾಜ್ಯದಲ್ಲಿ ಗುಲಾಮಗಿರಿಯ ನಿರ್ಮೂಲನಕ್ಕೆ ೧೮೩೩ರಲ್ಲಿ ಶಾಸನವಾಯಿತು. ಇದಕ್ಕೆ ಬೇರೆ ಕಾರಣಗಳೂ ಉಂಟು. ಗುಲಾಮರು ತಾವೇ ನಡೆಸಿದ ಬಂಡಾಯಗಳನ್ನಂತೂ ಮರೆಯಲಾಗದು. ಆದರೂ ಶತಮಾನಗಳ ವಿಶ್ವಾಸವು ಅಲುಗಿಸದಿದ್ದ ಮನಸ್ಸುಗಳನ್ನು ನಾಲಗೆಯ ಒಂದು ನಿಯಮವು ಎಚ್ಚರಿಸಿತೆಂಬುದು ನಿರ್ವಿವಾದ.

ಹಾಗಾದರೆ ವಿಶ್ವಾಸವು ನಿರರ್ಥಕವೇ? ಅಲ್ಲ. ತತ್ತ್ವಾರ್ಥಸೂತ್ರವು ಆದಿಯಲ್ಲಿಯೇ ದರ್ಶನ, ಜ್ಞಾನ, ಚಾರಿತ್ರಗಳನ್ನು ಹೇಳುವಾಗ ದರ್ಶನವನ್ನೇ ಮೊದಲಿಟ್ಟಿದೆ. ಫೆಲಿಸಿಟಾಸರ ವ್ರತವು ಅವರ ವಿಶ್ವಾಸದ ನೆಲದಲ್ಲಿಯೇ ಬೇರುಬಿಟ್ಟಿತ್ತು. ವೂಲ್ಮನ್ನನು ಸಕ್ಕರೆ ಬಿಟ್ಟದ್ದು ದೇವರ ಮೇಲಿನ ಭಕ್ತಿಯಿಂದಲೇ. ಅದನ್ನು ಅವರಿಂದ ಕಿತ್ತು, ವ್ರತವನ್ನು ಮಾತ್ರ ಉಳಿಸಿಕೊಳ್ಳಿರೆಂದು ಹೇಳುವುದು ಅವಿವೇಕ. ಆದರೆ ಮೂರೂ ಕೂಡಿದಾಗಲೇ ಮಾರ್ಗವೆಂದು ಅದೇ ಸೂತ್ರ ಹೇಳುತ್ತದೆ. ಯೇಸುವೂ ತನ್ನನ್ನು ಪ್ರಭುವೆಂದು ಕರೆದ ಮಾತ್ರಕ್ಕೆ ಯಾರೂ ಪಾರಾಗರೆಂದು ಎಚ್ಚರಿಸಿದ್ದಾನೆ. ಆದುದರಿಂದ ಉತ್ತರವು ಹೀಗೆ ನಿಲ್ಲುತ್ತದೆ: ಕ್ರೈಸ್ತ ವಿಶ್ವಾಸವು ಗಿರಿಪ್ರವಚನವನ್ನು ನಿಯಮವಾಗಿ ತೊಟ್ಟವರಲ್ಲಿ ಹರಡುವ ಅಪೇಕ್ಷೆಯಿಂದ, ಲೋಕಕ್ಕೆ ಹಿತ, ಹೆಸರಾಗಿ, ಕುಲಚಿಹ್ನೆಯಾಗಿ, ಸಂಖ್ಯೆಯಾಗಿ ಹರಡುವ ಅಪೇಕ್ಷೆಯಿಂದ, ಹಿತವೂ ಇಲ್ಲ, ಕೇಡನ್ನು ತಡೆಯುವ ಶಕ್ತಿಯೂ ಇಲ್ಲ.

ಇನ್ನು ಸಹಧರ್ಮಿಗಳಿಗೆ ಒಂದು ಬಿನ್ನಹ. ಕ್ರೈಸ್ತರ ಬದಲು ಲೋಕವೆಲ್ಲ ಜೈನವಾದರೆ ಎಂಬ ಪ್ರಶ್ನೆಯನ್ನು ಯಾರಾದರೂ ಕೇಳಿದರೆ ನಾವು ಸಂತೋಷದಿಂದ ತಲೆದೂಗುವೆವು. ಆಗಲೂ ಇದೇ ಪರೀಕ್ಷೆ ನಮಗೆ ತಪ್ಪದು. ಅಷ್ಟಾಹ್ನಿಕದಲ್ಲಿ ಎಂಟು ದಿನ ಉಪವಾಸವಿದ್ದು, ಪಾರಣೆಯ ಮರುದಿನ ಕಡಿಮೆ ತೂಕದ ಬಟ್ಟನ್ನು ತಕ್ಕಡಿಗಿಡುವವನು ಅಚೌರ್ಯಾಣುವ್ರತಕ್ಕೆ ಅತಿಚಾರವನ್ನು ತಂದನೆಂದು ಶಾಸ್ತ್ರವು ಸ್ಪಷ್ಟವಾಗಿ ಹೇಳಿದೆ. ಅಂಥವರು ಲೋಕದಲ್ಲೆಲ್ಲ ತುಂಬಿದರೂ ಗಿರಾಕಿಗೆ ದೊರೆಯುವ ಅಕ್ಕಿ ಹೆಚ್ಚುವುದಿಲ್ಲ. ೧೯೪೯ರಲ್ಲಿ ಆಚಾರ್ಯ ತುಲಸಿಯವರು ಅಣುವ್ರತ ಆಂದೋಲನವನ್ನು ಪ್ರಾರಂಭಿಸಿದಾಗ, ಯಾರೂ ಜೈನರಾಗಬೇಕೆಂದು ಕೇಳಲಿಲ್ಲ. ತಮ್ಮ ತಮ್ಮ ಮತದಲ್ಲಿಯೇ ಇದ್ದು ಚಿಕ್ಕ ನಿಯಮಗಳನ್ನು ಸ್ವೀಕರಿಸಿರೆಂದರು. ನಂಬಿಕೆಯ ಗಡಿಯನ್ನು ವಿಸ್ತರಿಸುವ ಉತ್ಸಾಹಕ್ಕಿಂತ ಇದು ಹೆಚ್ಚು ವಿವೇಕದ ದಾರಿಯೆಂದು ತೋರುತ್ತದೆ. ನೆರೆಮನೆಯ ಕ್ರೈಸ್ತನು ಈಸ್ಟರಿಗೆ ಮುನ್ನ ನಲವತ್ತು ದಿನ ಮಾಂಸವನ್ನು ಬಿಟ್ಟರೆ ಅಷ್ಟು ಪ್ರಾಣಿಗಳಿಗೆ ಅಭಯ ದೊರೆಯಿತು. ಅವನು ಯಾರ ಹೆಸರಿನಲ್ಲಿ ಬಿಟ್ಟನೆಂಬುದನ್ನು ಆ ಪ್ರಾಣಿಗಳು ಕೇಳುವುದಿಲ್ಲ.