ತಕ್ಕ ನೆಲೆ: ಹಳೆಯ ಪೇಟೆಯ ವಾಸ ಮತ್ತು ಊರಿನ ಋಣ

ಊರು ಬದಲಿಸುವವರು ಎಲ್ಲಿ ಮನೆ ಮಾಡಬೇಕು ಎಂಬ ಪ್ರಶ್ನೆಯನ್ನು ಬಾಡಿಗೆ, ನೀರು, ಶಾಲೆ, ನಿಲ್ದಾಣದ ದೂರ ಇಷ್ಟರ ಲೆಕ್ಕವೆಂದು ಇಂದು ಬಗೆಯಲಾಗುತ್ತದೆಯಾದರೂ, ಭಾರತದ ಧರ್ಮಚಿಂತನೆ ಅದನ್ನು ಬಹು ಹಿಂದೆಯೇ ಶ್ರೇಯಸ್ಸಿನ ಪ್ರಶ್ನೆಯಾಗಿ ಕಂಡಿತ್ತು. ಪಾಲಿ ಭಾಷೆಯ ಮಂಗಲಸುತ್ತವು ಮನುಷ್ಯನಿಗೆ ಒಳಿತನ್ನು ತರುವ ಸಂಗತಿಗಳನ್ನು ಎಣಿಸುವಾಗ ‘ಪಟಿರೂಪದೇಸವಾಸ’ವನ್ನು, ಎಂದರೆ ತಕ್ಕ ನೆಲೆಯಲ್ಲಿ ವಾಸಿಸುವುದನ್ನು, ಹಿಂದೆ ಗಳಿಸಿದ ಪುಣ್ಯ ಮತ್ತು ತನ್ನನ್ನು ತಾನು ಸನ್ಮಾರ್ಗದಲ್ಲಿ ನಿಲ್ಲಿಸಿಕೊಳ್ಳುವಿಕೆ ಇವುಗಳ ಜೊತೆಯಲ್ಲೇ ಇರಿಸುತ್ತದೆ. ತಕ್ಕ ನೆಲೆ ಯಾವುದೆಂದರೆ, ಭಿಕ್ಷು, ಭಿಕ್ಷುಣಿ, ಉಪಾಸಕ, ಉಪಾಸಿಕೆಯರೆಂಬ ನಾಲ್ಕು ಸಮುದಾಯಗಳು ವಾಸಿಸುವ, ದಾನ ಮೊದಲಾದ ಸತ್ಕಾರ್ಯಗಳು ನಡೆಯುವ, ಬುದ್ಧನ ಬೋಧೆ ಬೆಳಗುವ ಪ್ರದೇಶವೆಂದು ಪಾಲಿ ವ್ಯಾಖ್ಯಾನಕಾರರು ವಿವರಿಸುತ್ತಾರೆ. ಈ ವಿವರಣೆಯಲ್ಲಿ ನೆಲದ ಗುಣವಾಗಲಿ, ಮನೆಯ ದಿಕ್ಕಾಗಲಿ ಬರುವುದಿಲ್ಲ. ಅಲ್ಲಿಯ ಜನ ಒಬ್ಬರೊಡನೊಬ್ಬರು ಹೇಗೆ ಬಾಳುತ್ತಾರೆ ಎಂಬುದೇ ನೆಲೆಯ ಯೋಗ್ಯತೆಯನ್ನು ನಿರ್ಧರಿಸುತ್ತದೆ.

ಈ ಮಾತನ್ನು ಒರೆಗೆ ಹಚ್ಚಲು ಕೋಲಾರ ಜಿಲ್ಲೆಯ ಬಂಗಾರಪೇಟೆ ಮತ್ತು ಅದಕ್ಕೆ ಹೊಂದಿಕೊಂಡ ಚಿನ್ನದ ಗಣಿಯ ಊರುಗಳಿಗಿಂತ ಉತ್ತಮ ನಿದರ್ಶನ ಸಿಗುವುದು ಕಷ್ಟ. 1864ರಲ್ಲಿ ಬೆಂಗಳೂರಿನಿಂದ ಜೋಲಾರಪೇಟೆಗೆ ಹಾಕಿದ ರೈಲುಮಾರ್ಗದ ಬದಿಯಲ್ಲಿ ಬೆಳೆದ ಈ ಪೇಟೆಗೆ ಮೈಸೂರಿನ ಕಮಿಷನರ್ ಆಗಿದ್ದ ಬೌರಿಂಗರ ಹೆಸರಿನಿಂದ ಬೌರಿಂಗ್‌ಪೇಟೆ ಎಂಬ ಹೆಸರಿತ್ತು. 1880ರಲ್ಲಿ ಜಾನ್ ಟೇಲರ್ ಕಂಪನಿ ಗಣಿಗಾರಿಕೆಯನ್ನು ಕೈಗೆತ್ತಿಕೊಂಡ ಮೇಲೆ, 1894ರಲ್ಲಿ ಇಲ್ಲಿಂದ ಗಣಿಯೂರಾದ ಮಾರಿಕುಪ್ಪಂವರೆಗೆ ಕವಲು ಮಾರ್ಗ ಬಂದಿತು. 1902ರಲ್ಲಿ ಶಿವನಸಮುದ್ರದ ವಿದ್ಯುತ್ತು ಗಣಿಗಳನ್ನು ತಲುಪಿತು. ಚಾಂಪಿಯನ್ ರೀಫ್ ಗಣಿ ಮೂರು ಕಿಲೋಮೀಟರಿಗೂ ಹೆಚ್ಚಿನ ಆಳಕ್ಕೆ ಇಳಿದು ಲೋಕದ ಅತಿ ಆಳದ ಗಣಿಗಳಲ್ಲಿ ಒಂದೆನಿಸಿತು. 1956ರಲ್ಲಿ ಮೈಸೂರು ಸರ್ಕಾರದ ವಶಕ್ಕೆ ಬಂದು, 1972ರಲ್ಲಿ ಭಾರತ್ ಗೋಲ್ಡ್ ಮೈನ್ಸ್ ಎಂಬ ಕೇಂದ್ರ ಸರ್ಕಾರದ ಸಂಸ್ಥೆಯಾದ ಈ ಗಣಿಗಳು 2001ರ ಫೆಬ್ರವರಿ 28ರಂದು ಮುಚ್ಚಿದವು. ಅಂದಿನಿಂದ ಇಲ್ಲಿಯ ಸಾವಿರಾರು ಜನ ನಸುಕಿನ ರೈಲು ಹಿಡಿದು ಬೆಂಗಳೂರಿಗೆ ದುಡಿಯಲು ಹೋಗಿ ರಾತ್ರಿ ಹಿಂದಿರುಗುತ್ತಿದ್ದಾರೆ. ವರ್ಗವಾಗಿ ಬಂದ ನೌಕರರು ಮತ್ತು ಮಹಾನಗರದ ಬಾಡಿಗೆಗೆ ಅಂಜಿದ ಕುಟುಂಬಗಳು ಇಲ್ಲಿ ಮನೆ ಹುಡುಕುವಾಗ, ಊರ ಹೊರಗಿನ ಹೊಸ ಲೇಔಟಿನ ನಿವೇಶನವೋ, ನಿಲ್ದಾಣಕ್ಕೆ ಕಾಲ್ನಡಿಗೆಯ ದೂರದಲ್ಲಿರುವ ಹಳೆಯ ಪೇಟೆಯ ಮನೆಯೋ ಎಂಬ ಆಯ್ಕೆ ಅವರ ಎದುರು ನಿಲ್ಲುತ್ತದೆ.

ಹಳೆಯ ಪೇಟೆಗೆ ಅದರದೇ ಆದ ಸಮರ್ಥನೆ ಇದೆ. ಅಮೆರಿಕದ ಚಿಂತಕಿ ಜೇನ್ ಜೇಕಬ್ಸ್ 1961ರಲ್ಲಿ ಪ್ರಕಟಿಸಿದ ನಗರಜೀವನದ ಕುರಿತ ಗ್ರಂಥದಲ್ಲಿ, ಹತ್ತಿರ ಹತ್ತಿರದ ಅಡ್ಡರಸ್ತೆಗಳು, ಮನೆ ಅಂಗಡಿಗಳ ಬೆರಕೆ, ಸಾಕಷ್ಟು ಜನಸಾಂದ್ರತೆ ಮತ್ತು ಕಡಿಮೆ ಬಾಡಿಗೆಯ ಹಳೆಯ ಕಟ್ಟಡಗಳು ಇದ್ದಲ್ಲಿ ಮಾತ್ರ ಬೀದಿ ಜೀವಂತವಾಗಿ ಉಳಿಯುತ್ತದೆಂದು ವಾದಿಸಿದರು. ಆ ಲಕ್ಷಣಗಳೆಲ್ಲ ಈ ಗಣಿಯೂರುಗಳ ಪೇಟೆಯಾದ ರಾಬರ್ಟ್‌ಸನ್‌ಪೇಟೆಯಲ್ಲಿ ಕಾಣುತ್ತವೆ: ನೇರವಾಗಿ ಒಂದನ್ನೊಂದು ಕತ್ತರಿಸುವ ಬೀದಿಗಳು, ನಡುವೆ ಮಾರುಕಟ್ಟೆ, ಅಂಗಡಿಯ ಮೇಲೊಂದು ಮನೆ, ಮನೆಯ ಪಕ್ಕದಲ್ಲೊಂದು ಗುಡಿ, ಮಸೀದಿ ಅಥವಾ ಚರ್ಚು.

ಆದರೆ ಈ ಸಾಮೀಪ್ಯ ಹೇಗೆ ಹುಟ್ಟಿತು ಎಂಬುದನ್ನು ಮರೆತು ಅದರ ಸೊಗಸನ್ನಷ್ಟೇ ಮೆಚ್ಚುವುದು ಅರ್ಧಸತ್ಯವಾಗುತ್ತದೆ. ಗಣಿ ಕಾರ್ಮಿಕರ ಸಾಲುಮನೆಗಳು, ಜನರ ಬಾಯಲ್ಲಿ ‘ಲೈನು’ಗಳು, ಗಣಿಯ ಬಾಯಿಗೆ ಹತ್ತಿರದಲ್ಲಿದ್ದುದು ಪಾಳಿಯ ಹೊತ್ತಿಗೆ ಆಳುಗಳು ಕೈಗೆ ಸಿಗಬೇಕೆಂಬ ಕಂಪನಿಯ ಅಗತ್ಯದಿಂದ. ಬಿದಿರ ತಟ್ಟಿಯ ಗೋಡೆಗಳಿಂದ ಆರಂಭವಾದ ಆ ಒಂಟಿ ಕೋಣೆಯ ಮನೆಗಳಲ್ಲಿ ತಲೆ ಬಗ್ಗಿಸಿ ಒಳಹೋಗಬೇಕಾದ ಬಾಗಿಲು, ಹೊಸ್ತಿಲು ದಾಟಿದರೆ ಓಣಿ, ಓಣಿಯ ಆಚೆ ನೆರೆಮನೆಯ ಒಲೆ. ಒಂದು ಮನೆಯ ಕೆಮ್ಮು ಇನ್ನೊಂದು ಮನೆಗೆ ಕೇಳುವಷ್ಟು ತೆಳುವಾದ ಗೋಡೆ. ಅದೇ ಹೊತ್ತಿನಲ್ಲಿ ಯುರೋಪಿಯನ್ ಅಧಿಕಾರಿಗಳ ಬಂಗಲೆಗಳು ತೋಟಗಳ ನಡುವೆ ದೂರದೂರ ನಿಂತಿದ್ದವು. ಉತ್ತರ ಆರ್ಕಾಟು, ಚಿತ್ತೂರು, ಸೇಲಂ ಕಡೆಗಳಿಂದ ಬಂದ, ಬಹುಪಾಲು ದಲಿತರಾಗಿದ್ದ ಕಾರ್ಮಿಕರಿಗೆ ನೆಲೆಯ ಆಯ್ಕೆ ಇರಲಿಲ್ಲ. 1930ರಲ್ಲಿ ಬೆರಳಚ್ಚಿನ ನೋಂದಣಿಯ ವಿರುದ್ಧ ಅವರು ಹೂಡಿದ ಮುಷ್ಕರವು ತಮ್ಮ ಚಲನೆಯ ಮೇಲೆ ಬೀಳಲಿದ್ದ ಹಿಡಿತಕ್ಕೆ ತೋರಿದ ಪ್ರತಿರೋಧವಾಗಿತ್ತು.

ಇಷ್ಟಾದರೂ ಆ ಜನ ತಮಗೆ ಒದಗಿದ ನೆಲವನ್ನು ತಕ್ಕ ನೆಲೆಯನ್ನಾಗಿ ಮಾಡಿಕೊಂಡರು ಎಂಬುದು ಇಲ್ಲಿಯ ಇತಿಹಾಸದ ಅತ್ಯಂತ ಮೌಲಿಕವಾದ ಅಂಶ. ಜಾತಿಯ ಕಟ್ಟನ್ನು ಒಪ್ಪದೆ 1898ರಲ್ಲಿ ಮದರಾಸಿನಲ್ಲಿ ಶಾಕ್ಯ ಬೌದ್ಧ ಸಂಘವನ್ನು ಸ್ಥಾಪಿಸಿದ ಅಯೋತಿದಾಸ ಪಂಡಿತರ ವಿಚಾರಗಳು 20ನೆಯ ಶತಮಾನದ ಮೊದಲ ದಶಕದಲ್ಲೇ ಮಾರಿಕುಪ್ಪಂ ತಲುಪಿ, ಅಲ್ಲಿ ಸಂಘದ ಶಾಖೆಯೊಂದು ಬೇರೂರಿತು. ಮುಂದೆ ಅವರ ಬರಹಗಳು ಇದೇ ಗಣಿ ಪ್ರದೇಶದಿಂದ ಪುಸ್ತಕಗಳಾಗಿ ಹೊರಬಂದವು. ನೆಲದಾಳದಲ್ಲಿ ಬಂಡೆ ಸಿಡಿದು ಯಾವ ಗಳಿಗೆಯಲ್ಲಿ ಸಾವು ಬರುವುದೋ ತಿಳಿಯದ ಜನ, ಪಾಳಿ ಮುಗಿಸಿ ಮೇಲೆ ಬಂದು ಧರ್ಮದ ಚರ್ಚೆಗೆ ಕುಳಿತರೆಂದರೆ, ವ್ಯಾಖ್ಯಾನಕಾರರು ಹೇಳಿದ ಯೋಗ್ಯತೆಯನ್ನು ಈ ಊರಿಗೆ ದುಡಿಯುವವರೇ ತಂದುಕೊಟ್ಟರು ಎಂದಾಯಿತು. ತಕ್ಕ ನೆಲೆ ಸಿದ್ಧವಾಗಿ ದೊರೆಯುವಂಥದಲ್ಲ, ವಾಸಿಸುವವರ ನಡವಳಿಕೆಯಿಂದ ಆಗುವಂಥದು ಎಂಬ ತತ್ತ್ವಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಕಿಲ್ಲ.

ಈ ನಡವಳಿಕೆಯ ಮೊದಲ ಪಾಠ ನಡಿಗೆಯೇ. ಜೈನ ಮುನಿಗಳು ಪಾಲಿಸಬೇಕಾದ ಐದು ಸಮಿತಿಗಳಲ್ಲಿ, ಎಂದರೆ ಎಚ್ಚರದ ನಿಯಮಗಳಲ್ಲಿ, ಮೊದಲನೆಯದಾದ ಈರ್ಯಾಸಮಿತಿಯು ಮುಂದಿನ ನಾಲ್ಕು ಮೊಳದ ನೆಲವನ್ನು ನೋಡುತ್ತ, ಯಾವ ಜೀವಿಗೂ ನೋವಾಗದಂತೆ ಹೆಜ್ಜೆಯಿಡಬೇಕೆಂದು ವಿಧಿಸುತ್ತದೆ. ಗೃಹಸ್ಥರಿಗೆ ಅಷ್ಟು ಕಟ್ಟುನಿಟ್ಟು ಸಾಧ್ಯವಿಲ್ಲದಿದ್ದರೂ ಅದರ ಆಶಯ ಅವರಿಗೂ ಸಲ್ಲುತ್ತದೆ: ನಡೆಯುವವರಿಗೆ ತಮ್ಮ ಹೊರತಾಗಿ ಇತರರೂ ಇರುವುದು ಕಾಣುತ್ತದೆ. ವಾಹನದಲ್ಲಿ ಸಾಗುವವರಿಗೆ ಬೂದುಬಣ್ಣದ ಗುಡ್ಡದಂತೆ ತೋರುವ ಸಯನೈಡ್ ದಿಬ್ಬ, ಅಂದರೆ ಚಿನ್ನವನ್ನು ಬೇರ್ಪಡಿಸಿದ ಮೇಲೆ ಉಳಿದ ಪುಡಿಯ ರಾಶಿ, ಗಾಳಿಯ ದಿನಗಳಲ್ಲಿ ಅದರ ಕೆಳಗೆ ನಡೆದುಹೋಗುವವರ ಕಣ್ಣಿಗೂ ಮೂಗಿಗೂ ಬರುತ್ತದೆ. ಅದರ ಮಗ್ಗುಲಲ್ಲಿ ಬದುಕುವವರ ಪಾಡು ಆಗ ಮಾತ್ರ ಅರಿವಾಗುತ್ತದೆ.

ಸ್ಥಳಕ್ಕೆ ಅಂಟಿಕೊಳ್ಳುವುದೇ ಬಂಧನವಲ್ಲವೇ, ಜಂಗಮತತ್ತ್ವವನ್ನು ಎತ್ತಿಹಿಡಿದ ಶರಣರ ನಾಡಿನಲ್ಲಿ ಹಳೆಯ ಬೀದಿಯ ಮೋಹಕ್ಕೆ ಏನು ಬೆಲೆ ಎಂಬ ಆಕ್ಷೇಪ ಇಲ್ಲಿ ಏಳಬಹುದು. ಜಂಗಮವೆಂದರೆ ಚಲಿಸುವ, ಜೀವಂತವಾದ ತತ್ತ್ವ. ಸ್ಥಾವರವೆಂದರೆ ಕಟ್ಟಿ ನಿಲ್ಲಿಸಿದ್ದು. ಹಳೆಯ ಪೇಟೆಯ ಕಲ್ಲುಕಟ್ಟಡವನ್ನು ಮಾತ್ರ ಪ್ರೀತಿಸಿ ಅಲ್ಲಿಯ ಜನರನ್ನು ಕಡೆಗಣಿಸುವುದಾದರೆ ಈ ಆಕ್ಷೇಪ ಪೂರ್ತಿ ಸರಿ. ಆದರೆ ಬೀದಿಯ ಜೀವ ಅಲ್ಲಿ ಓಡಾಡುವ ಜನರಲ್ಲಿದೆ ಎಂದು ಬಗೆದು ನೆಲೆಸುವವರು ಜಂಗಮವನ್ನೇ ಗೌರವಿಸಿದಂತಾಗುತ್ತದೆ.

ಶತಪಥ ಬ್ರಾಹ್ಮಣವು ದೇವಋಣ, ಋಷಿಋಣ, ಪಿತೃಋಣಗಳ ಜೊತೆಗೆ ಮನುಷ್ಯಋಣವೆಂಬ ನಾಲ್ಕನೆಯದನ್ನೂ ಹೇಳಿ, ಜನರಿಗೆ ವಸತಿಯನ್ನೂ ಅನ್ನವನ್ನೂ ಕೊಡುವುದರಿಂದ ಅದು ತೀರುತ್ತದೆ ಎನ್ನುತ್ತದೆ. ಅನ್ಯರ ದುಡಿಮೆಯಿಂದ ರೂಪುಗೊಂಡ ಬೀದಿಯಲ್ಲಿ ಇಷ್ಟಪಟ್ಟು ಮನೆ ಮಾಡುವವರ ಮೇಲೆ ಈ ಋಣ ನೇರವಾಗಿ ಬೀಳುತ್ತದೆ. ಹೊಸಬರ ಬರವಿನಿಂದ ಬಾಡಿಗೆ ಏರಿ ಹಳಬರು ಊರಾಚೆಗೆ ಸರಿಯಬೇಕಾದರೆ, ಕಟ್ಟಡ ಉಳಿದರೂ ನೆಲೆಯ ಯೋಗ್ಯತೆ ಉಳಿಯುವುದಿಲ್ಲ. ಯಾವ ಗುಣಕ್ಕಾಗಿ ಆ ಬೀದಿಯನ್ನು ಆರಿಸಿಕೊಂಡರೋ ಆ ಗುಣವನ್ನು ಆರಿಸಿಕೊಂಡವರೇ ಕೆಡಿಸಿದಂತಾಗುತ್ತದೆ.

ಆದ್ದರಿಂದ ಹೊಸ ಊರಿಗೆ ಬರುವವರು ಕಾಲ್ನಡಿಗೆಗೆ ಒದಗುವ ಹಳೆಯ ಪೇಟೆಯನ್ನು ಆರಿಸಿಕೊಳ್ಳುವುದು ಧರ್ಮಕ್ಕೂ ವಿವೇಕಕ್ಕೂ ಒಪ್ಪುವ ನಿರ್ಧಾರವೇ ಸರಿ, ಆದರೆ ಅದು ಆರಂಭ ಮಾತ್ರ. ಪಕ್ಕದ ಬೀದಿಯ ಅಂಗಡಿಯಲ್ಲಿ ದಿನಸಿ ಕೊಳ್ಳುವುದು, ಪಕ್ಕದ ಶಾಲೆಗೆ ಮಕ್ಕಳನ್ನು ಸೇರಿಸುವುದು, ದಿಬ್ಬದ ಧೂಳಿನ ವಿರುದ್ಧವೂ ಲೈನುಗಳ ನಿವಾಸಿಗಳ ಮನೆಯ ಹಕ್ಕಿನ ಪರವಾಗಿಯೂ ನೆರೆಯವರೊಡನೆ ದನಿಗೂಡಿಸುವುದು, ಇವು ಆ ನಿರ್ಧಾರವನ್ನು ಪೂರ್ಣಗೊಳಿಸುವ ಕರ್ತವ್ಯಗಳು. ಇವುಗಳಿಗೆ ಸಿದ್ಧರಾದವರಿಗೆ ಬಂಗಾರಪೇಟೆಯಾಗಲಿ ಮಾರಿಕುಪ್ಪಂ ಆಗಲಿ ತಕ್ಕ ನೆಲೆಯೇ. ಸಿದ್ಧರಿಲ್ಲದವರಿಗೆ ಯಾವ ಊರೂ ತಕ್ಕ ನೆಲೆಯಾಗದು.