ಅಲಗಿನ ಮೇಲೆ ಹೊರಿಸಿದ ಪಾಪ

ಜಪಾನಿನಲ್ಲಿ ಎರಡು ಖಡ್ಗಗಳ ಕತೆಯೊಂದು ಪ್ರಚಲಿತದಲ್ಲಿದೆ. ಮಸಾಮುನೆ ಎಂಬ ಗುರು ಮತ್ತು ಮುರಾಮಾಸ ಎಂಬ ಶಿಷ್ಯ ಯಾರ ಕೆಲಸ ಮೇಲೆಂದು ಪರೀಕ್ಷಿಸಲು ತಮ್ಮ ಖಡ್ಗಗಳನ್ನು ಹರಿಯುವ ತೊರೆಯಲ್ಲಿ ನಿಲ್ಲಿಸಿದರಂತೆ. ತೇಲಿಬಂದ ಎಲೆಗಳೆಲ್ಲ ಶಿಷ್ಯನ ಅಲಗಿಗೆ ತಾಗಿ ಇಬ್ಭಾಗವಾದವು. ಗುರುವಿನ ಅಲಗನ್ನು ಮಾತ್ರ ಬಳಸಿಕೊಂಡು ಮುಂದೆ ಸಾಗಿದವು. ಎದುರಾದುದನ್ನೆಲ್ಲ ಕತ್ತರಿಸುವ ಖಡ್ಗ ದುಷ್ಟ, ನಿರಪರಾಧಿಯನ್ನು ಬಿಟ್ಟುಬಿಡುವ ಖಡ್ಗ ಶ್ರೇಷ್ಠ ಎಂಬುದು ಕತೆಯ ನೀತಿ.

ನೀತಿ ಒಳ್ಳೆಯದೇ. ಆದರೆ ಕತೆ ಸುಳ್ಳು. ಮಸಾಮುನೆ ಕಾಮಕುರದಲ್ಲಿ ಕುಲುಮೆ ನಡೆಸಿದ್ದು 13ನೆಯ ಶತಮಾನದ ಕೊನೆ ಮತ್ತು 14ನೆಯ ಶತಮಾನದ ಆರಂಭದಲ್ಲಿ. ಇಸೆ ಪ್ರಾಂತದ ಕುವಾನಾದಲ್ಲಿದ್ದ ಮುರಾಮಾಸನ ವರ್ಷ ನಮೂದಿಸಿದ ಖಡ್ಗಗಳಲ್ಲಿ ಅತಿ ಹಳೆಯದು 1501ರದ್ದು. ಇಬ್ಬರ ನಡುವೆ ಸುಮಾರು ಇನ್ನೂರು ವರ್ಷಗಳ ಅಂತರವಿದೆ. ಅಷ್ಟೇ ಅಲ್ಲ, ಮುರಾಮಾಸ ಎಂಬುದು ಒಬ್ಬನ ಹೆಸರೂ ಅಲ್ಲ. ಒಂದೇ ಪರಂಪರೆಯ ಹಲವು ತಲೆಮಾರಿನ ಕಮ್ಮಾರರು ಅದೇ ಹೆಸರನ್ನು ಅಲಗಿನ ಬುಡದಲ್ಲಿ ಕೆತ್ತಿದರು.

ಹಾಗಾದರೆ ಇಡೀ ಪರಂಪರೆಗೇ ಈ ಕಳಂಕ ಅಂಟಿದ್ದು ಹೇಗೆ? 1603ರಲ್ಲಿ ಶೋಗನ್ ಆಗಿ ಜಪಾನಿನ ಅಧಿಕಾರ ಹಿಡಿದ ಟೊಕುಗಾವ ಇಯೆಯಾಸುವಿನ ಮನೆತನದ ದುರಂತಗಳಿಗೆ ಮುರಾಮಾಸ ಖಡ್ಗಗಳೇ ಕಾರಣ ಎಂಬ ನಂಬಿಕೆ ಹಬ್ಬಿತು. ಆ ದುರಂತಗಳನ್ನು ಒಮ್ಮೆ ಹತ್ತಿರದಿಂದ ನೋಡೋಣ. ಇಯೆಯಾಸುವಿನ ಅಜ್ಜ ಕಿಯೊಯಾಸು 1535ರಲ್ಲಿ ತನ್ನದೇ ಸೇವಕನ ಕೈಯಲ್ಲಿ ಸತ್ತ. ಸೇವಕನ ತಂದೆ ದ್ರೋಹಿಯೆಂಬ ಗಾಳಿಮಾತು ಆಗಲೇ ಶಿಬಿರದಲ್ಲಿ ಸುಳಿದಾಡುತ್ತಿತ್ತು. ಕುದುರೆಯೊಂದು ಕಟ್ಟು ಕಿತ್ತುಕೊಂಡು ಎದ್ದ ಗದ್ದಲ ಕೇಳಿ, ತಂದೆಯನ್ನು ಕೊಂದೇಬಿಟ್ಟರೆಂದು ಮಗ ಭಾವಿಸಿ ಒಡೆಯನ ಮೇಲೆ ಖಡ್ಗ ಬೀಸಿದ. ಇಯೆಯಾಸುವಿನ ಮಗ ನೊಬುಯಾಸು 1579ರಲ್ಲಿ ಆತ್ಮಾಹುತಿ ಮಾಡಿಕೊಂಡ. ಹಾಗೆ ಆಜ್ಞಾಪಿಸಿದವನು ಸ್ವತಃ ತಂದೆಯೇ. ಎರಡೂ ಕಡೆ ಬಳಕೆಯಾದದ್ದು ಮುರಾಮಾಸನ ಅಲಗು ಎನ್ನುತ್ತಾರೆ. ಆದರೆ ಮೊದಲನೆಯ ಸಾವಿಗೆ ಕಾರಣ ಗಾಳಿಮಾತು, ಎರಡನೆಯದಕ್ಕೆ ಕಾರಣ ರಾಜಕಾರಣ. ಕುವಾನಾ ಇಯೆಯಾಸುವಿನ ಮಿಕಾವಾ ಪ್ರಾಂತಕ್ಕೆ ದೂರವೇನಲ್ಲ. ಅಲ್ಲಿಯ ಯೋಧರ ಸೊಂಟದಲ್ಲಿ ಮುರಾಮಾಸ ಖಡ್ಗಗಳು ಹೇರಳವಾಗಿದ್ದವು. ಅಲ್ಲಿ ರಕ್ತ ಹರಿದಾಗ ಅದೇ ಅಲಗು ಕಾಣಿಸಿಕೊಂಡದ್ದರಲ್ಲಿ ಅಚ್ಚರಿಯೇನಿದೆ?

ಸ್ವತಃ ಇಯೆಯಾಸು ಮುರಾಮಾಸ ಖಡ್ಗಗಳನ್ನು ಇಟ್ಟುಕೊಂಡಿದ್ದ. ಅಂತಹದೊಂದು ನಗೋಯಾದ ಟೊಕುಗಾವ ವಸ್ತುಸಂಗ್ರಹಾಲಯದಲ್ಲಿದೆ. ಆದರೂ ವದಂತಿಯೇ ಗೆದ್ದಿತು. ಆಳುವವರ ಸಂಶಯಕ್ಕೆ ಹೆದರಿದ ಜನ ತಮ್ಮ ಖಡ್ಗಗಳ ಮೇಲಿನ ಹೆಸರನ್ನು ಉಜ್ಜಿ ಅಳಿಸಿದರು, ಇಲ್ಲವೇ ಅಕ್ಷರ ತಿದ್ದಿದರು. ಕಬ್ಬಿಣ ಅದೇ, ಹರಿತವೂ ಅದೇ. ಅಪಾಯವಿದ್ದದ್ದು ಹೆಸರಿನಲ್ಲಿ ಮಾತ್ರ. 19ನೆಯ ಶತಮಾನದಲ್ಲಿ ಟೊಕುಗಾವ ಆಡಳಿತದ ವಿರೋಧಿಗಳು ಅದೇ ಹೆಸರಿನ ಖಡ್ಗಗಳನ್ನು ಹುಡುಕಿ ಧರಿಸಿದರು. ಶಾಪವೇ ಈಗ ಹೆಗ್ಗಳಿಕೆಯಾಯಿತು!

ಹಾಗಾದರೆ ತಯಾರಿಸಿದವನಿಗೆ ಹೊಣೆಯೇ ಇಲ್ಲವೇ? ಇದೆ. ಖಡ್ಗ ಇರುವುದು ಯಾತಕ್ಕೆಂದು ಕಮ್ಮಾರನಿಗೆ ಗೊತ್ತು. ಕೊಲ್ಲುವ ಆಯುಧವನ್ನು ಸುಂದರಗೊಳಿಸುವ ವಿದ್ಯೆ ತನ್ನ ಅಂತಃಸಾಕ್ಷಿಗೆ ಉತ್ತರ ಹೇಳಲೇಬೇಕು. ಆದರೆ ಆ ಪ್ರಶ್ನೆಯನ್ನು ಇಬ್ಬರಿಗೂ ಕೇಳಬೇಕಲ್ಲವೇ? ಮಸಾಮುನೆ ನೇಗಿಲು ಮಾಡುತ್ತಿರಲಿಲ್ಲ. ಅವನ ಅಲಗೂ ಯೋಧರಿಗಾಗಿಯೇ ಹದಗೊಂಡದ್ದು. ಒಬ್ಬನನ್ನು ಸಂತನನ್ನಾಗಿ, ಇನ್ನೊಬ್ಬನನ್ನು ಪಿಶಾಚಿಯನ್ನಾಗಿ ಮಾಡಿದ್ದು ಅವರ ಕೆಲಸವಲ್ಲ, ನಂತರದವರ ಅಗತ್ಯ.

ಆ ಅಗತ್ಯವೇನೆಂಬುದು ನಮಗೂ ತಿಳಿಯದ್ದಲ್ಲ. ಖಡ್ಗ ಶಾಪಗ್ರಸ್ತವಾದರೆ ಗಾಳಿಮಾತು ಹಬ್ಬಿಸಿದವನು ಬಚಾವಾಗುತ್ತಾನೆ. ಮಗನ ಸಾವಿಗೆ ಆಜ್ಞೆಯಿತ್ತ ತಂದೆಯನ್ನು ಯಾರೂ ಪ್ರಶ್ನಿಸುವುದಿಲ್ಲ. ಒಂದು ಹೆಸರನ್ನು, ಒಂದು ಪರಂಪರೆಯನ್ನು ದೋಷಿಯೆಂದು ಗುರುತಿಸಿಬಿಟ್ಟರೆ ಉಳಿದವರೆಲ್ಲ ನೆಮ್ಮದಿಯಿಂದ ನಿದ್ರಿಸಬಹುದು. ನ್ಯಾಯ ಮಾತ್ರ ಅಷ್ಟು ಸುಲಭವಲ್ಲ. ಅದು ಅಲಗಿನ ಮೇಲಿನ ಹೆಸರನ್ನು ಓದಿ ಸುಮ್ಮನಾಗದೆ, ಹಿಡಿಯ ಮೇಲಿದ್ದ ಕೈ ಯಾರದೆಂದು ಕೇಳುತ್ತದೆ.